ಗವಿಮಣ್ಣಿನ ಜೋಡೆತ್ತು

ಸುಣ್ಣದಕಲ್ಲಿನ ಗವಿಯೊಳಗೆ ಮಣ್ಣು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಬಗೆಹರಿಸಿದವನು ಇಡೀ ಧಾರವಾಡದಲ್ಲಿ ನಾನೊಬ್ಬನೇ. ವಿಶ್ವವಿದ್ಯಾಲಯದಲ್ಲಿ ಕೇಳಿದರೆ ನಿರುಪಮಾಳ ಹೆಸರು ಹೇಳುತ್ತಾರೆ. ಹೇಳಲಿ, ನಮ್ಮ ಹುಡುಗಿಯೇ. ಆದರೆ ಗವಿಯ ತನಕ ಜೀಪು ಓಡಿಸಿದವನು ಯಾರು, ಆ ಮಣ್ಣನ್ನು ಹೆಗಲ ಮೇಲೆ ಹೊತ್ತವನು ಯಾರು, ಅದು ಎತ್ತಾಗುವಂತೆ ನೋಡಿಕೊಂಡವನು ಯಾರು ಎಂದು ಯಾರೂ ಕೇಳುವುದಿಲ್ಲ. ಅದಕ್ಕೇ ನಾನಾಗಿಯೇ ಹೇಳಬೇಕಾಗಿದೆ.

ನನ್ನ ಹೆಸರು ಶಾಂತಯ್ಯ. ಧಾರವಾಡದ ಲಕಮನಹಳ್ಳಿಯಲ್ಲಿ ಕಾಳು ಮತ್ತು ಹತ್ತಿಯ ಅಂಗಡಿ. ಜೋಳದ ಚೀಲವನ್ನು ಬಿಚ್ಚದೆ ಹೊರಗಿನಿಂದಲೇ ಒಮ್ಮೆ ಮೂಸಿ, ಅದು ಯಾವ ಊರಿನ ಯಾವ ಹೊಲದ್ದು, ಬಿತ್ತುವ ದಿನ ಆ ಹೊಲದವನು ಹೆಂಡತಿಯೊಡನೆ ಜಗಳವಾಡಿದ್ದನೋ ಇಲ್ಲವೋ ಎಂದು ಹೇಳಬಲ್ಲೆ. ಈ ಮೂಗನ್ನು ನಂಬದವಳು ಜಗತ್ತಿನಲ್ಲಿ ಒಬ್ಬಳೇ, ನನ್ನ ಅವ್ವ ಮುರಿಗೆವ್ವ.

ನಿರುಪಮಾ ನಮ್ಮ ಮಾಳಿಗೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಗದಗದ ಹುಡುಗಿ. ಕಲ್ಲು ಮಣ್ಣುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಅವಳು ಬಂದ ದಿನ ಬಟ್ಟೆಯ ಚೀಲ ಒಂದೇ ಇತ್ತು, ಉಳಿದವೆಲ್ಲ ಕಲ್ಲಿನವು. ಅವನ್ನು ಮೇಲೆ ಏರಿಸಿದ ಮೇಲೆ ನಮ್ಮ ಮಾಳಿಗೆ ಒಂದು ಗೇಣು ಕೆಳಗಿಳಿಯಿತು. ಅಂದಿನಿಂದ ನಾನು ಪಡಸಾಲೆಯಲ್ಲಿ ಬಗ್ಗಿ ನಡೆಯುತ್ತೇನೆ. ಅದು ನನ್ನ ಹೊಟ್ಟೆಯ ಭಾರ ಎಂದು ಅವ್ವ ಹೇಳುವುದು ಬರೀ ಮತ್ಸರ.

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು. ಈಗ ಎಲ್ಲರೂ ಪೇಟೆಯಿಂದ ಬಣ್ಣ ಬಳಿದ ಮಣ್ಣಿನ ಎತ್ತು ತಂದು ಪೂಜೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಅವ್ವನೇ ಎತ್ತು ಮಾಡಬೇಕು. ಅದರ ಮಣ್ಣು ನೇಗಿಲು ತಾಕದ ಜಾಗದ್ದಾಗಿರಬೇಕು, ಅದನ್ನು ಮಗನೇ ತರಬೇಕು. ವರ್ಷವಿಡೀ ನೇಗಿಲು ಎಳೆದ ಎತ್ತಿಗೆ ಆ ಒಂದು ದಿನವಾದರೂ ನೇಗಿಲಿನ ನೆನಪು ಬೇಡ ಎನ್ನುವುದು ಅವ್ವನ ಲೆಕ್ಕ.

“ಶಾಂತ್ಯಾ, ಹ್ವಾದ ವರ್ಷ ಕೆರಿ ದಂಡಿ ಮಣ್ಣಂತ ಹೇಳಿ ಇಟ್ಟಂಗಿ ಭಟ್ಟಿ ಮಣ್ಣು ತಂದಿದ್ದಿ. ಈ ವರ್ಷರೆ ಖರೇ ಮಣ್ಣು ತಾ,” ಎಂದಳು ಅವ್ವ.

“ಈ ವರ್ಷ ತರೂ ಮಣ್ಣಿಗೆ ನೇಗಿಲಲ್ಲ, ಸೂರ್ಯಾನೂ ತಾಕಿರಬಾರದು, ಹಂಥಾದ್ದು ತರತೇನಿ. ನೋಡ್ಕೋತ ಇರು,” ಎಂದೆ.

ಹೀಗೆ ಹೇಳಲು ಕಾರಣವಿತ್ತು. ಮರುದಿನ ನಾನು ನಿರುಪಮಾಳನ್ನು ಜೀಪಿನಲ್ಲಿ ಬಾಗಲಕೋಟೆಯ ಕಡೆ ಒಂದು ಗವಿಗೆ ಕರೆದೊಯ್ಯುವವನಿದ್ದೆ. ಅಲ್ಲಿಂದ ಒಂದು ಬೊಗಸೆ ಮಣ್ಣು ನನ್ನ ಪಾಲಿಗೂ ತಂದರಾಯಿತು ಎಂದುಕೊಂಡಿದ್ದೆ.

ದಾರಿಯಲ್ಲಿ ಅವಳು ಗವಿಯ ಕತೆ ಹೇಳಿದಳು.

“ಕಾಕಾ, ಮಳಿನೀರು ಗಾಳಿಯೊಳಗಿಂದ, ಮಣ್ಣಿನೊಳಗಿಂದ ಒಂದೀಟು ಹುಳಿ ಹಿಡಕೊಂಡು ಕೆಳಗ ಇಳೀತದ. ಆ ಹುಳಿನೀರು ಸುಣ್ಣದಕಲ್ಲು ಕರಗಸ್ತದ. ಕರಗಿ ಕರಗಿ ಒಳಗ ಪೊಳ್ಳಾದದ್ದಽ ಗವಿ.”

“ಕಲ್ಲು ಕರಗಿ ಹೋತಂದ್ರ ಗವಿಯೊಳಗ ಮಣ್ಣು ಎಲ್ಲಿಂದ ಬಂತು?”

“ಅದಽ ಜಗಳ ನಡದದ. ಸುಣ್ಣದಕಲ್ಲಿನೊಳಗ ಸುಣ್ಣ ಒಂದಽ ಇರೂದಿಲ್ಲ. ಚೂರು ಜೇಡಿ, ಚೂರು ಉಸುಕು, ಚೂರು ಕಬ್ಬಿಣದ ತುಕ್ಕು ಇರ್ತದ. ಸುಣ್ಣ ನೀರಿನ ಕೂಡ ಹೋಗ್ತದ. ಇವು ಕರಗೂದಿಲ್ಲ, ಅಲ್ಲೇ ಕೂಡ್ತಾವ. ಆ ಗವಿಯೊಳಗಿನ ಮಣ್ಣೆಲ್ಲಾ ಹಿಂಗ ಉಳದದ್ದು ಅಂತಾರ ನಮ್ಮ ಗೈಡು, ರಾಜೀವ ಸರ್.”

“ಮತ್ತ ನೀ ಏನಂತಿ?”

“ಕೆಳಗಿನ ಪದರು ಗವಿದು ಹೌದು. ಮ್ಯಾಲಿನ ಪದರು ಹೊರಗಿನ ಎರಿಹೊಲದಿಂದ, ಅಂದ್ರ ಕರಿಮಣ್ಣಿನ ಹೊಲದಿಂದ, ಮಳಿಗಾಲದಾಗ ಹರಕೊಂಡು ಬಂದದ್ದು ಅಂತೇನಿ ನಾನು. ಆದ್ರ ತುಕ್ಕು ಹತ್ತಿ ಎರಡೂ ಒಂದಽ ಬೆಲ್ಲದ ಬಣ್ಣ ಆಗ್ಯಾವ. ಕಣ್ಣಿಗೆ ಗೊತ್ತಾಗೂದಿಲ್ಲ.”

“ಅಂದ್ರ ಕೆಳಗಿನವ್ರು ಮನಿಯವ್ರು, ಮ್ಯಾಲಿನವ್ರು ಬಂದು ತಳ ಊರಿದ ಬೀಗರು.”

“ಬರೋಬ್ಬರಿ, ಕಾಕಾ. ಆದ್ರ ಬೀಗರು ಅಂತ ನಾ ತೋರಿಸಬೇಕಲ್ಲ. ಅಮಾಸಿ ಆದಮ್ಯಾಲ ಕಮಿಟಿ ಕೂಡ್ತದ. ಅಷ್ಟರೊಳಗ ಎರಡೂ ಮಣ್ಣು ಎಕ್ಸ್‌ರೇ ಮಶೀನಿಗೆ ಹಾಕಿ ಒಳಗ ಯಾವ ಖನಿಜ ಅದಾವ ತೋರ್ಸು, ಇಲ್ಲಾಂದ್ರ ಈ ವಾದ ಬಿಟ್ಟು ಹೊಸಾ ವಿಷಯ ಹಿಡಿ ಅಂದಾರ ಸರ್. ಎರಡು ವರ್ಷದ ಕೆಲಸ ನೀರಾಗ ಹೋಗ್ತದ.”

ಎರಡು ವರ್ಷ ಎಂದಾಗ ಅವಳ ದನಿ ಸ್ವಲ್ಪ ಇಳಿಯಿತು. ನಾನು ಜೀಪಿನ ವೇಗ ಹೆಚ್ಚಿಸಿದೆ. ಎಷ್ಟು ಹೆಚ್ಚಿಸಿದೆನೆಂದರೆ ನಮ್ಮ ನೆರಳು ಹಿಂದೆ ಬಿದ್ದು ಲೋಕಾಪುರದ ಹತ್ತಿರ ಏದುಸಿರು ಬಿಡುತ್ತ ನಮ್ಮನ್ನು ಕೂಡಿಕೊಂಡಿತು.

ಗವಿಯ ಬಾಯಿ ನನ್ನಂಥವನಿಗೆ ಮಾಡಿದ್ದಲ್ಲ. ನುಗ್ಗಿದೆ. ನನ್ನನ್ನು ಕಂಡು ಬಾವಲಿಗಳೆಲ್ಲ ಗೌರವದಿಂದ ಎದ್ದು ನಿಂತವು. ತಲೆಕೆಳಗಾಗಿ ಜೋತುಬಿದ್ದವು ಎದ್ದು ನಿಲ್ಲುವುದು ಹೇಗೆ ಎಂದು ಕೇಳಬೇಡಿ, ನಿಂತದ್ದನ್ನು ನಾನು ಕಂಡಿದ್ದೇನೆ. ಬಾವಲಿಯ ಹಿಕ್ಕೆಯೂ ಸುಣ್ಣವೂ ಕೂಡಿದರೆ ಹೊಸ ಖನಿಜ ಹುಟ್ಟುತ್ತದೆ ಎಂದು ನಿರುಪಮಾ ಹೇಳುತ್ತಿದ್ದಂತೆ ನನ್ನ ನೆತ್ತಿಯ ಮೇಲೆ ಅರ್ಧ ಖನಿಜ ಬಿತ್ತು. ಉಳಿದರ್ಧ, ಅಂದರೆ ಸುಣ್ಣ, ಮೇಲಿನ ಕಲ್ಲಿನಿಂದ ಹನಿಹನಿಯಾಗಿ ತೊಟ್ಟಿಕ್ಕುತ್ತಲೇ ಇತ್ತು. ಇನ್ನೊಂದು ಗಳಿಗೆ ಅಲ್ಲೇ ನಿಂತಿದ್ದರೆ ನನ್ನ ತಲೆಯೇ ಒಂದು ಗಣಿಯಾಗುತ್ತಿತ್ತು.

ಒಳಗೆ ಮಣ್ಣಿನ ದಿಬ್ಬವಿತ್ತು. ನಿರುಪಮಾ ಅದನ್ನು ಕೇಕು ಕೊಯ್ದಂತೆ ನೇರವಾಗಿ ಕೊಯ್ದಳು. ಕೆಳಪದರಿನ ಮಣ್ಣನ್ನು ತಾನು ತಂದ ಬಿಳಿಯ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದಳು. ಮೇಲ್ಪದರಿಗೆಂದು ತಂದ ಚೀಲ ಕಲ್ಲಿಗೆ ಸಿಕ್ಕಿ ಹರಿದಿತ್ತು. ನಾನು ನನ್ನ ಅಂಗಡಿಯ ಹೆಸರು ಅಚ್ಚಾಗಿದ್ದ ಬಟ್ಟೆಯ ಚೀಲ ಕೊಟ್ಟೆ. ಅವಳು ಅದರ ಬಾಯಿಗೆ ದಾರದಿಂದ ಅಂಥ ಗಂಟು ಹಾಕಿದಳು, ಆನೆ ಎಳೆದರೂ ಬಿಚ್ಚುವಂತಿರಲಿಲ್ಲ. ಹೊರಬರುವಾಗ ಗವಿಗೆ ನನ್ನ ಮೇಲೆ ಎಷ್ಟು ಪ್ರೀತಿ ಹುಟ್ಟಿತ್ತೆಂದರೆ ಅದು ನನ್ನನ್ನು ನಡುವಿನಲ್ಲಿ ಅಪ್ಪಿ ಹಿಡಿದುಬಿಟ್ಟಿತು. ನಿರುಪಮಾ ಹೊರಗಿನಿಂದ ಎರಡೂ ಕೈ ಹಿಡಿದು ಎಳೆದಳು. ಈ ಪ್ರೀತಿಯ ಗಡಿಬಿಡಿಯಲ್ಲಿ ಅವ್ವನ ಪಾಲಿನ ಬೊಗಸೆ ಮಣ್ಣು ತರುವುದು ನನ್ನ ತಲೆಯಿಂದ ಜಾರಿತು.

ಮನೆಗೆ ಬಂದು ಎರಡೂ ಚೀಲಗಳನ್ನು ಹಿತ್ತಲಲ್ಲಿ ಹೆಂಚಿನ ಮಾಡಿನ ಕೆಳಗಿನ ಕಟ್ಟೆಯ ನೆರಳಿನಲ್ಲಿ ಇಟ್ಟೆ.

“ಬಿಸಿಲಿಗೆ ಇಡಬ್ಯಾಡ್ರಿ ಕಾಕಾ, ನೆಳ್ಳಾಗ ಇರ್ಲಿ. ಗದಗದಿಂದ ಬಂದ ಕೂಡ್ಲೇ ಲ್ಯಾಬಿಗೆ ಒಯ್ತೇನಿ,” ಎಂದು ನಿರುಪಮಾ ಅಕ್ಕನ ಸೀಮಂತಕ್ಕೆ ಊರಿಗೆ ಹೋದಳು. ಅವಳು ಬಸ್ಸು ಹತ್ತಿದ್ದೇ ತಡ, ಮಳೆ ಹಿಡಿಯಿತು.

ನಾನು ಅಂಗಡಿಯಲ್ಲಿ ಕುಳಿತು, ಬಂದವರಿಗೆಲ್ಲ ಗವಿಯ ಕತೆ ಹೇಳುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಬಾವಲಿಗಳು ಹದ್ದುಗಳಷ್ಟಾಗಿದ್ದವು, ಸಂಜೆಗೆ ಅವುಗಳಲ್ಲಿ ಎರಡು ಕನ್ನಡ ಮಾತಾಡುತ್ತಿದ್ದವು. ಆ ಸಂಭ್ರಮದಲ್ಲಿಯೇ ರಾಜೀವ ಸರ್‌ಗೆ ಫೋನು ಮಾಡಿ, “ಅಮಾಸಿ ದಿನ ಹೋಳಿಗಿ ಊಟಕ್ಕ ನಮ್ಮ ಮನಿಗೆ ಬರಾಕಬೇಕ್ರಿ, ನಿಮ್ಮ ಜಗಳ ನಾ ಬಗೆಹರಸತೇನಿ,” ಎಂದು ಆಮಂತ್ರಣ ಕೊಟ್ಟೆ. ಅವರು ನಕ್ಕು ಒಪ್ಪಿದರು.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ, ಹಿತ್ತಲ ಕಟ್ಟೆಯ ಮೇಲೆ ಎರಡು ಎತ್ತು ನಿಂತಿದ್ದವು. ಏನು ಹೆಗಲ ಮೇಲಿನ ಇಣಿ, ಏನು ಕೊಂಬು, ಕಣ್ಣಿಗೆ ಬಿಳಿಜೋಳದ ಕಾಳು. ಅಂಥ ಎತ್ತು ನೋಡಿದರೆ ಮೈಲಾರದ ದನದ ಜಾತ್ರೆಯಿಂದ ದಲಾಲರು ಓಡಿ ಬರಬೇಕು. ಪಕ್ಕದಲ್ಲಿ ಎರಡು ಚೀಲಗಳು ತೊಳೆದು ಹಿಂಡಿ ಹಗ್ಗದ ಮೇಲೆ ಒಣಗುತ್ತಿದ್ದವು.

“ಜನ್ಮಾಕ ಒಮ್ಮೆ ಮಾತು ಉಳಿಸ್ಕೊಂಡಿ ನೋಡು,” ಎಂದಳು ಅವ್ವ. ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು. “ಬೆಣ್ಣಿ ಬೆಣ್ಣಿ ಇತ್ತು ಮಣ್ಣು. ಒಂದು ಹಳ್ಳಿಲ್ಲ, ಒಂದು ಕಸ ಇಲ್ಲ. ನಿನ್ನಿನ ಮುಂಜಾನೇನಽ ಮಾಡಿ ಇಟ್ಟೇನಿ.”

ಆ ಹೊಗಳಿಕೆಯನ್ನು ಪೂರ್ತಿಯಾಗಿ ಸವಿಯುವ ಮೊದಲೇ ಬಾಗಿಲಲ್ಲಿ ನಿರುಪಮಾ ನಿಂತಿದ್ದಳು. ಅವಳು ಎತ್ತುಗಳನ್ನು ನೋಡಿದಳು, ಚೀಲಗಳನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಹೆಂಚು ಎಣಿಸತೊಡಗಿದೆ.

“ಕಾಕಾ, ನನ್ನ ಮಣ್ಣು ಎಲ್ಲಿ?”

“ಎಲ್ಲೂ ಹೋಗಿಲ್ಲವಾ. ಇಲ್ಲೇ ನಿಂತೈತಿ. ನಾಕು ಕಾಲು ಬಂದಾವ, ಅಷ್ಟಽ.”

ನಿರುಪಮಾ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಗವಿಯ ಊರಿನ ಇಸ್ತಿಯಾಕನಿಗೆ ಫೋನು ಮಾಡಿದಳು. ನಮಗೆ ದಾರಿ ತೋರಿಸಿದವನು ಅವನೇ. ಗವಿಯ ಬಾಯಿತನಕ ನೀರು ನಿಂತಿದೆ, ಇನ್ನು ದೀಪಾವಳಿಯ ಮೊದಲು ಯಾರೂ ಇಳಿಯುವಂತಿಲ್ಲ ಎಂದ. ಅವಳು ಮೆಟ್ಟಿಲ ಮೇಲೆ ಕುಳಿತಳು. ಅಲ್ಲಿಂದಲೇ ಅವ್ವನನ್ನು ಕೇಳಿದಳು.

“ಅಜ್ಜಿ, ಎರಡೂ ಚೀಲದ ಮಣ್ಣು ಕಲಿಸಿ ಮಾಡೀರೇನ್ರಿ?”

ಅವ್ವನಿಗೆ ಸಿಟ್ಟು ಬಂತು. “ಒಂದಽ ಮುದ್ದಿಯೊಳಗ ಜೋಡೆತ್ತು ಮಾಡತಾರೇನಽ ತಂಗಿ? ಜೋಡಿ ಅಂದ್ರ ಬ್ಯಾರೆ ಬ್ಯಾರೆ ದನದ ಸಂತ್ಯಾಗ ಹುಡುಕಿ ಕೂಡಿಸಿದ್ದು. ಒಂದಽ ಮುದ್ದಿದು ಮಾಡಿದ್ರ ಅಣ್ಣತಮ್ಮರು ಆಗತಾವ. ಅಣ್ಣತಮ್ಮರು ಒಂದಽ ನೊಗಕ್ಕ ಎಲ್ಲಿ ಹೊಂದತಾರ? ಬಲಕಿಂದು ಬಿಳಿ ಚೀಲದ್ದು. ಎಡಕಿಂದು ಇವನ ಅಂಗಡಿ ಚೀಲದ್ದು. ಅದ್ಯಾವ ಹಾಳ ಗಂಟು ಹಾಕಿದ್ರೋ, ಈಳಿಗಿಲೆ ಕೊಯ್ದೆ.”

ನಿರುಪಮಾಳ ಮುಖಕ್ಕೆ ಜೀವ ಮರಳಿತು. ಬಲದ ಎತ್ತು ಕೆಳಪದರು, ಎಡದ ಎತ್ತು ಮೇಲ್ಪದರು. ಮಣ್ಣು ಬೆರೆತಿಲ್ಲ, ರೂಪ ಬದಲಾಗಿದೆ ಅಷ್ಟೆ.

“ಹಂಗಾರ ಅಜ್ಜಿ, ಒಂದೊಂದರ ಹೊಟ್ಟಿಯೊಳಗಿಂದ ಒಂದೊಂದು ಚಮಚ ಮಣ್ಣು ಕೆರಕೊಂಡ್ರ ಸಾಕು ನನಗ.”

“ಏನಂದಿ?”

“ಯಾರಿಗೂ ಕಾಣದಂಗ. ಕೆಳಗಿನ ಬಾಜೂದಿಂದ.”

“ನಾಳಿ ಪೂಜಿ ಆಗೂ ಎತ್ತಿನ ಹೊಟ್ಟಿಗೆ ಚಮಚ ಹಾಕತೀಯಾ? ಹೊಟ್ಟಿ ಬಗದ ಎತ್ತಿಗೆ ನಾ ಹೋಳಿಗಿ ತೋರಸ್ಲಿ? ಪೂಜಿ ಆದಮ್ಯಾಲ ಸೋಮವಾರ ಬಾವ್ಯಾಗ ಬಿಡತೇವಿ. ಬಿಡೂತನಕ ಅವಕ್ಕ ಒಂದು ಉಗುರೂ ತಾಕಬಾರದು.”

ನನ್ನ ಅವ್ವನ ಮಾತನ್ನು ತಿರುಗಿಸಿದವರು ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. ಒಮ್ಮೆ ಅವಳು ‘ನಿಲ್ಲು’ ಎಂದದ್ದಕ್ಕೆ ಹುಬ್ಬಳ್ಳಿಯ ಪ್ಯಾಸೆಂಜರ್ ರೈಲು ನವಲೂರಿನಲ್ಲಿಯೇ ನಿಂತುಬಿಟ್ಟಿತ್ತು. ಆದರೂ ನಿರುಪಮಾಳಿಗೆ ಧೈರ್ಯ ಹೇಳೋಣ ಎಂದು ನಾನು ಅಂದೆ, “ಚಿಂತಿ ಮಾಡಬ್ಯಾಡವಾ. ನಾಳೆ ನಿಮ್ಮ ರಾಜೀವ ಸರ್‌ನ ಊಟಕ್ಕ ಕರದೇನಿ.”

“ಯಾರನ್ನ?”

“ನಿಮ್ಮ ಸರ್‌ನ. ಹೋಳಿಗಿಗೆ.”

ಆಗ ಅವಳು ಅತ್ತಳು.

ಅಮಾವಾಸ್ಯೆಯ ಬೆಳಿಗ್ಗೆ ಅವ್ವನ ದನಿಗೆ ಎಚ್ಚರವಾಯಿತು. “ಶಾಂತ್ಯಾ, ಹೊಗಳಿದ್ದು ವಾಪಸ್ ತಗೊಂಡೆ ನೋಡು. ಎಂಥಾ ಮಣ್ಣು ತಂದಿ ಇದು?”

ಹಿತ್ತಲಿಗೆ ಓಡಿದೆ. ಬಲದ ಎತ್ತು ನುಣ್ಣಗೆ, ಎಣ್ಣೆ ಹಚ್ಚಿ ತಿಕ್ಕಿದಂತೆ ನಿಂತಿತ್ತು. ಎಡದ ಎತ್ತಿಗೆ ಮೈಯೆಲ್ಲ ಬಿರುಕು. ಬೆನ್ನಿನಿಂದ ಹೊಟ್ಟೆಯವರೆಗೆ, ಇಣಿಯ ಸುತ್ತ, ಕೊರಳಿನ ಸುತ್ತ. ನನ್ನ ಕಣ್ಣಿಗೆ ಆ ಬಿರುಕುಗಳಲ್ಲಿ ಒಂದೊಂದು ಮೊಳಕೈ ಇಳಿಯುವಂತೆ ಕಂಡಿತು. ಎತ್ತು ಇದ್ದದ್ದೇ ಒಂದು ಗೇಣು ಎನ್ನುವುದು ಬೇರೆ ಮಾತು.

“ಎರಡೂ ಒಂದಽ ಗವಿದು,” ಎಂದೆ. “ತಪ್ಪು ಮಣ್ಣಿಂದಲ್ಲ, ಕೈಯಿಂದು.”

“ನನ್ನ ಕೈಯಿಂದು? ನಿನ್ನ ಬೆಳೆಸಿದ್ದಽ ಈ ಕೈ.”

“ಅದಕ್ಕಽ ಅಂದೆ.”

ಅವ್ವ ಸೌಟು ಹುಡುಕುವಷ್ಟರಲ್ಲಿ ನಿರುಪಮಾ ಮೆಟ್ಟಿಲಿಳಿದು ಬಂದಳು. ಎತ್ತುಗಳ ಮುಂದೆ ಮೊಣಕಾಲೂರಿ ಕುಳಿತಳು. ಮುಟ್ಟಲಿಲ್ಲ, ಅವ್ವ ಪಕ್ಕದಲ್ಲೇ ಇದ್ದಳು. ಎಡದ ಎತ್ತನ್ನು ನೋಡಿದಳು, ಬಲದ ಎತ್ತನ್ನು ನೋಡಿದಳು, ಮತ್ತೆ ಎಡದ್ದನ್ನು. ಆಮೇಲೆ ನಗತೊಡಗಿದಳು.

“ಕಾಕಾ, ಬ್ಯಾಸಗ್ಯಾಗ ನಿಮ್ಮ ಎರಿಹೊಲ ಹೆಂಗ ಇರ್ತದ?”

“ಬಿರೀತೈತಿ. ಹ್ವಾದ ವರ್ಷ ನನ್ನ ಒಂದು ಚಪ್ಪಲಿ ಒಳಗ ಬಿದ್ದದ್ದು ಇನ್ನೂ ತಳ ಮುಟ್ಟಿಲ್ಲ.”

“ಯಾಕ ಬಿರೀತದ? ಎರಿಮಣ್ಣಿನೊಳಗ ಒಂದು ಜಾತಿ ಜೇಡಿ ಅದ. ನೀರು ಕುಡದು ಉಬ್ಬತದ, ಒಣಗಿದ್ರ ಕುಗ್ಗಿ ಸೀಳತದ. ಸುಣ್ಣದಕಲ್ಲು ಕರಗಿ ಉಳಿದ ಜೇಡಿ ಹಂಗ ಕುಗ್ಗೂದಿಲ್ಲ. ಎಡಕಿನ ಎತ್ತು ಎರಿಹೊಲದಿಂದ ಬಂದದ, ಕಾಕಾ. ತಾನಽ ಹೇಳ್ಲಿಕತ್ತದ.”

“ನಾ ಮದಲಽ ಹೇಳಿದ್ದೆ, ಬೀಗರು ಅಂತ,” ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮಧ್ಯಾಹ್ನ ರಾಜೀವ ಸರ್ ಬಂದರು. ತೆಳ್ಳಗಿನ ಮನುಷ್ಯ, ಎಣಿಸಿ ಎಣಿಸಿ ಮಾತಾಡುವವರು. ನಿರುಪಮಾ ಅವರನ್ನು ಹೋಳಿಗೆಯ ಕಡೆ ಬಿಡದೆ, ಪೂಜೆಗೆಂದು ಎತ್ತುಗಳನ್ನು ತಂದಿಟ್ಟಿದ್ದ ದೇವರ ಜಗಲಿಗೆ ನೇರ ಕರೆದೊಯ್ದು ನಡೆದದ್ದನ್ನೆಲ್ಲ ಹೇಳಿದಳು. ಸರ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಎತ್ತುಗಳನ್ನು ನೋಡಿದರು.

“ಬಿರಕು ಬೀಳಲಿಕ್ಕೆ ಕಾರಣ ಹತ್ತು ಇರ್ತಾವ, ನಿರುಪಮಾ. ನೀರು ಹೆಚ್ಚುಕಡಿಮಿ ಆಗಿರಬಹುದು.” ಅವ್ವನ ಕಡೆ ತಿರುಗಿದರು. “ಅಮ್ಮಾ, ಎರಡಕ್ಕೂ ಒಂದಽ ಅಳತಿ ನೀರು ಹಾಕಿದ್ರೇನು?”

“ಐವತ್ತು ವರ್ಷ ರೊಟ್ಟಿ ಹಿಟ್ಟು ನಾದೇನ್ರಿ. ಒಂದಽ ತಂಬಿಗಿ, ಒಂದಽ ಬಾವಿ ನೀರು.”

“ಒಂದು ಬಿಸಲಾಗ, ಒಂದು ನೆಳ್ಳಾಗ ಇಟ್ಟಿದ್ರೇನು?”

“ಜೋಡಿ ಅಗಲಸ್ತಾರೇನ್ರಿ? ಒಂದಽ ಕಟ್ಟಿ, ಒಂದಽ ನೆಳ್ಳು.”

“ಒಂದಕ್ಕ ಹತ್ತಿ ಗಿತ್ತಿ, ಸಗಣಿ ಗಿಗಣಿ ಬೆರಿಸಿದ್ರೇನು?”

“ನೀವು ಊಟಕ್ಕ ಬಂದೀರೋ ಪಂಚಾಯ್ತಿ ಮಾಡಾಕ ಬಂದೀರೋ?”

ಸರ್ ಬೆರಳು ಮಡಿಚಿ ಎಣಿಸಿದರು. ಒಂದೇ ಕೈ, ಒಂದೇ ನೀರು, ಒಂದೇ ನೆರಳು, ಒಂದೇ ಹೊತ್ತು. ಬೇರೆಯಾಗಿದ್ದದ್ದು ಮಣ್ಣು ಮಾತ್ರ. ಪ್ರಯೋಗಶಾಲೆಯಲ್ಲಿ ಇಷ್ಟು ಕಟ್ಟುನಿಟ್ಟು ನಮ್ಮಿಂದ ಆಗುತ್ತಿರಲಿಲ್ಲ ಎಂದು ಅವರು ಗೊಣಗಿದ್ದನ್ನು ನನ್ನ ಕಿವಿ ಹಿಡಿಯಿತು. ನನ್ನ ಕಿವಿ ಮೂಗಿನ ತಮ್ಮ.

“ಆದ್ರೂ ಕಮಿಟಿ ಮುಂದ ಎತ್ತು ನಿಲ್ಲಿಸಿ ಸಹಿ ಕೇಳಲಿಕ್ಕೆ ಬರೂದಿಲ್ಲ,” ಎಂದರು ಸರ್. “ಮಶೀನಿಗೆ ಹಾಕಬೇಕಾದ್ರ ಮಣ್ಣು ಬೇಕು. ಸುಣ್ಣ, ಅರಿಷಿಣ, ಕುಂಕುಮ ಹತ್ತದ ಮಣ್ಣು.”

ಎಲ್ಲರೂ ಅವ್ವನ ಕಡೆ ನೋಡಿದೆವು. ನಿರುಪಮಾ ಕೈ ಮುಗಿದಳು. “ಅಜ್ಜಿ, ಹೊಟ್ಟಿ ಕೊಯ್ಯೂದಿಲ್ಲ. ಬಿರುಕಿನೊಳಗಿಂದ ಒಂದು ಚೂರು ತಾನಾಗೇ ಉದರಿದ್ರ…”

“ತಾಳು ತಾಳು,” ಎಂದಳು ಅವ್ವ. “ನಿನಗ ಬೇಕಾದ್ದು ಎತ್ತೋ, ಮಣ್ಣೋ?”

“ಮಣ್ಣು, ಅಜ್ಜಿ.”

“ಮಣ್ಣಾದ್ರ ಹೊಟ್ಟಿಗಿ ಯಾಕ ಕೈ ಹಾಕತಿ? ಗ್ವಾದಲಿ ಮಾಡಾಕಂತ ನಾ ಮಣ್ಣು ತಗದಿಟ್ಟಿಲ್ಲೇನು?”

ಎತ್ತಿನ ಮುಂದೆ ಮೇವು ಹಾಕಲು ಒಂದು ಮಣ್ಣಿನ ಗೋದಲಿ ಇಡುವುದು ಎಲ್ಲ ಮನೆಗಳಲ್ಲೂ ಇರುವ ರೂಢಿ. ನಮ್ಮ ಮನೆಯಲ್ಲಿ ಎರಡು ಇಡುತ್ತೇವೆ, ಒಂದೇ ಗೋದಲಿಯಾದರೆ ಎತ್ತುಗಳು ಕೋಡಿನಿಂದ ಹಾಯ್ದಾಡುತ್ತವೆ ಎಂದು. ಅವ್ವ ಅಡುಗೆಮನೆಯ ಮೂಲೆಯಿಂದ ಎರಡು ಬಟ್ಟಲು ತಂದಳು. ಒದ್ದೆ ಬಟ್ಟೆಯ ಕೆಳಗೆ ಒಂದೊಂದರಲ್ಲೂ ಲಿಂಬೆಹಣ್ಣಿನಷ್ಟು ಮುದ್ದೆ. ಬಲದ್ದು ಬಲಕ್ಕೆ, ಎಡದ್ದು ಎಡಕ್ಕೆ.

“ಅಜ್ಜಿ, ಇದನ್ನ ನಿನ್ನೇನಽ ಯಾಕ ಹೇಳಲಿಲ್ರಿ?” ಎಂದಳು ನಿರುಪಮಾ.

“ಯಾರು ಕೇಳಿದ್ರು? ನೀ ಎತ್ತಿನ ಹೊಟ್ಟಿ ಕೇಳಿದಿ. ಈ ವರ್ಷ ಎತ್ತು ಹಿತ್ತಾಳಿ ತಾಟಿನ್ಯಾಗ ಮೇಯ್ತಾವ, ತಗೋ. ಆದ್ರ ಒಂದು ಮಾತು. ನಾದಿದ್ದು ಸರಿ ಇಲ್ಲಂತ ಅನುಮಾನ ಪಟ್ಟಾರಲ್ಲ, ಈ ಸಾಹೇಬರಽ ಸೋಮವಾರ ಬಂದು ಎತ್ತು ಬಾವಿಗೆ ಬಿಡಬೇಕು.”

ಸರ್ ತಲೆಬಾಗಿದರು. ಅಂದು ಅವರು ತಿಂದ ಹೋಳಿಗೆಗೆ ಲೆಕ್ಕವಿಲ್ಲ. ನನಗೆ ಮಾತ್ರ ಲೆಕ್ಕವಿದೆ, ಏಕೆಂದರೆ ಅವು ನನ್ನ ಪಾಲಿನವು.

ಸೋಮವಾರದ ಮೊದಲೇ ಮಶೀನು ಉತ್ತರ ಕೊಟ್ಟಿತು. ಎಡದ ಮುದ್ದೆಯಲ್ಲಿ ನೀರು ಕುಡಿದು ಉಬ್ಬುವ ಜೇಡಿ ಕಿಕ್ಕಿರಿದಿತ್ತು, ಜೊತೆಗೆ ಹೊರಗಿನ ಕರಿಕಲ್ಲಿನಿಂದ ಬಂದ ಕಬ್ಬಿಣದ ಕಪ್ಪು ಕಣಗಳು. ಬಲದ ಮುದ್ದೆಯಲ್ಲಿ ಉಬ್ಬದ ಜೇಡಿ, ನುಣ್ಣನೆಯ ಉಸುಕು, ತುಕ್ಕು. ಗವಿಯ ಗೋಡೆಯ ಕಲ್ಲನ್ನು ಹುಳಿಯಲ್ಲಿ ಕರಗಿಸಿ ಉಳಿದದ್ದನ್ನು ನೋಡಿದರೆ ಅದೇ. ಎಡದ ಮುದ್ದೆಯನ್ನು ಹಾಕಿದಾಗ ಮಶೀನು ಒಮ್ಮೆ ಅಂಬಾ ಎಂದಿತು. ನಾನು ಅಲ್ಲಿರಲಿಲ್ಲ, ಆದರೆ ಅಂದಿರಲೇಬೇಕು. ಕಮಿಟಿಯ ಮುಂದೆ ರಾಜೀವ ಸರ್ ತಾವೇ ಎದ್ದು ಮೇಲ್ಪದರಿನ ವಿಷಯದಲ್ಲಿ ತಮ್ಮ ವಾದ ಹಿಂತೆಗೆದುಕೊಂಡರು. ನಿರುಪಮಾಳ ಎರಡು ವರ್ಷ ಉಳಿದವು.

ಸೋಮವಾರ ಸಂಜೆ ಮಳೆ ನಿಂತು ಹೊಳವಾಗಿತ್ತು. ಸರ್ ಪ್ಯಾಂಟು ಮಡಿಚಿ, ಎರಡೂ ಎತ್ತುಗಳನ್ನು ತಾಟಿನಲ್ಲಿ ಹೊತ್ತು ನಮ್ಮ ಹಿತ್ತಲ ಬಾವಿಯ ಮೆಟ್ಟಿಲಿಳಿದರು. ಅವ್ವ ಮೇಲಿನಿಂದ ಅಪ್ಪಣೆ ಕೊಡುತ್ತಿದ್ದಳು. “ಮದಲು ಬಲಕಿಂದ್ರಿ. ಒಗೀಬ್ಯಾಡ್ರಿ, ಬಿಡ್ರಿ. ದೇವರದಾವ, ಉಳ್ಳಾಗಡ್ಡಿ ಅಲ್ಲ.”

ಬಲದ ಎತ್ತು ಠೀವಿಯಿಂದ ಇಡಿಯಾಗಿ ಮುಳುಗಿತು. ಎಡದ್ದು ನೀರು ತಾಕಿದ ಕೂಡಲೇ ಬಿರುಕುಗಳಲ್ಲೆಲ್ಲ ಗುಳ್ಳೆ ಬಿಟ್ಟು, ಸೀಳಿ, ಬೆಲ್ಲದ ಬಣ್ಣದ ಮೋಡವಾಗಿ ಹರಡಿತು. ಮೋಡ ತಿಳಿಯಾಗುತ್ತ ಮೆಲ್ಲಗೆ ತಳಕ್ಕಿಳಿಯುವುದನ್ನು ನಾವು ನಾಲ್ವರೂ ಬಗ್ಗಿ ನೋಡಿದೆವು.

“ಸರ್,” ಎಂದಳು ನಿರುಪಮಾ, “ಇನ್ನ ನೂರು ವರ್ಷಕ್ಕ ಯಾರರೆ ಈ ಬಾವಿ ಹೂಳು ತಗದು ಮಶೀನಿಗೆ ಹಾಕಿದ್ರ?”

ಸರ್ ನೀರಿನಲ್ಲಿ ನಿಂತೇ ತಲೆ ಎತ್ತಿ ಅವಳನ್ನು ನೋಡಿದರು. “ಲಕಮನಹಳ್ಳಿ ಕೆಳಗ ಸುಣ್ಣದಕಲ್ಲಿನ ಗವಿ ಅದ ಅಂತ ಬರೀತಾರ.”

“ಅದರೊಳಗ ನಾಕು ಜೋಳದ ಕಾಳು ಸಿಗತಾವಲ್ರಿ?”

“ಅದಕ್ಕ ಇನ್ನೊಬ್ಬರು ಪಿಎಚ್.ಡಿ. ಮಾಡ್ತಾರ.”

ನಾನು ಅವತ್ತಿನಿಂದಲೇ ಅಂಗಡಿಗೆ ಬಂದವರಿಗೆಲ್ಲ ಲಕಮನಹಳ್ಳಿಯ ಕೆಳಗಿನ ಗವಿಯ ಕತೆ ಹೇಳಲು ಶುರು ಮಾಡಿದ್ದೇನೆ. ಬಾವಲಿಗಳು ಈಗಾಗಲೇ ಬಂದು ಸೇರಿವೆ.